ಗುಡುಗಿಗೆ ಕಿವಿಗೊಡದ ರೇಡಿಯೊ

ಭರಣಿ ಮಳೆಯ ಮೋಡ ಕಟ್ಟಿದ ಸಂಜೆ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ ಹಳೆಯ ರೇಡಿಯೊ ಹಚ್ಚಿ, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿದರೆ ಮಾತಿಗಿಂತ ಹೆಚ್ಚು ಚಟಪಟ ಸದ್ದೇ ಕೇಳೀತು. ಮಿಂಚು ಕಣ್ಣಿಗೆ ಕಾಣದಷ್ಟು ದೂರದಲ್ಲಿದ್ದರೂ ಅದರ ಸದ್ದು ರೇಡಿಯೊದೊಳಗೆ ಬಂದುಬಿಡುತ್ತದೆ. ಅದೇ ಪೆಟ್ಟಿಗೆಯನ್ನು ಹಾಸನ ಆಕಾಶವಾಣಿಯ ಎಫ್‌ಎಂಗೆ ಬದಲಿಸಿ, ಹಾಡು ತಣ್ಣಗೆ ಹರಿಯುತ್ತದೆ. ಇದಕ್ಕೆ ಸ್ವಲ್ಪ ಮಟ್ಟಿಗೆ ಕಾರಣ, ಮಿಂಚಿನ ಶಕ್ತಿ ಮೇಲಿನ ಕಂಪನಾಂಕಗಳಲ್ಲಿ ಕಡಿಮೆಯಾಗುವುದು. ಉಳಿದದ್ದು ಮಾತನ್ನು ಅಲೆಯ ಮೇಲೆ ಹೇರುವ ಬಗೆಯಲ್ಲಿದೆ.

612ರಲ್ಲಿ ಬರುವುದು ಎಎಂ. ಅಲ್ಲಿ ದನಿ ಏರಿದಂತೆ ಅಲೆಯ ಎತ್ತರ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಮಿಂಚು, ಪಂಪ್‌ಸೆಟ್ಟಿನ ಸ್ಟಾರ್ಟರ್, ಬೈಕಿನ ಸ್ಪಾರ್ಕ್ ಪ್ಲಗ್, ಇವೆಲ್ಲ ಕೆಡಿಸುವುದು ಮುಖ್ಯವಾಗಿ ಆ ಎತ್ತರವನ್ನೇ. ಯಾವುದು ವಾರ್ತೆ, ಯಾವುದು ಮಿಂಚು ಎಂದು ರೇಡಿಯೊಗೆ ಗೊತ್ತಾಗುವುದು ಹೇಗೆ? ಎಫ್‌ಎಂನಲ್ಲಿ ಎತ್ತರ ಒಂದೇ ಸಮ. ದನಿಗೆ ತಕ್ಕಂತೆ ಏರಿಳಿಯುವುದು ಕಂಪನಾಂಕ. ಹಾಗಾಗಿ ರಾಗಿ ಅಳೆಯುವವರು ಕೊಳಗದ ತಲೆ ಸವರುವ ಹಾಗೆ, ಬಂದ ಅಲೆಯ ಮೇಲಿನ ಉಬ್ಬುತಗ್ಗನ್ನೆಲ್ಲ ರೇಡಿಯೊ ಸವರಿ ಕೆಡವುತ್ತದೆ. ಈ ಕೆಲಸ ಮಾಡುವ ಮಂಡಲಕ್ಕೆ ಲಿಮಿಟರ್ ಎನ್ನುತ್ತಾರೆ. ಅದು ಕೆಡವಿದ್ದರಲ್ಲಿ ಗಲಾಟೆ ಹೋಗುತ್ತದೆ, ಮಾತು ಹೋಗುವುದಿಲ್ಲ.

ಇಷ್ಟು ಸರಳವಾದದ್ದು ಎಲ್ಲರಿಗೂ ಮೊದಲೇ ಹೊಳೆಯಬೇಕಿತ್ತಲ್ಲ ಎನ್ನಿಸಬಹುದು. ಹೊಳೆದಿತ್ತು, ಆದರೆ ತಳ್ಳಿಹಾಕಿದ್ದರು. 1922ರಲ್ಲಿ ಅಮೆರಿಕದ ಜಾನ್ ಕಾರ್ಸನ್ ಲೆಕ್ಕ ಹಾಕಿ, ಎಫ್‌ಎಂನಿಂದ ಕಂಪನಾಂಕದ ಜಾಗವೇನೂ ಉಳಿಯುವುದಿಲ್ಲ ಎಂದು ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅದನ್ನೇ ತಿರುವುಮುರುವು ಮಾಡಿದರು: ಜಾಗ ಉಳಿಸುವುದು ಬೇಡ, ಧಾರಾಳವಾಗಿ ಖರ್ಚು ಮಾಡೋಣ. ಕಂಪನಾಂಕ ಅಗಲವಾಗಿ ತೂಗಾಡಿದಷ್ಟೂ ಹಿನ್ನೆಲೆಯ ಸದ್ದು ಅಡಗುತ್ತದೆ. 1933ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. 1935ರ ನವೆಂಬರ್ 5ರಂದು ನ್ಯೂಯಾರ್ಕಿನ ಎಂಜಿನಿಯರುಗಳ ಸಭೆಯಲ್ಲಿ ಅದನ್ನು ಕೇಳಿಸಿದಾಗ ಪ್ರಸಾರ ಬಂದದ್ದು ಯಾವ ದೊಡ್ಡ ಕಂಪನಿಯಿಂದಲೂ ಅಲ್ಲ, ಯಾಂಕರ್ಸ್ ಎಂಬ ಊರಿನಲ್ಲಿದ್ದ ಅವರ ಸ್ನೇಹಿತ ರನ್ಯನ್ ಅವರ ಹವ್ಯಾಸಿ ರೇಡಿಯೊ ನಿಲಯದಿಂದ. ಅಂದರೆ ಎಫ್‌ಎಂ ಸಾರ್ವಜನಿಕವಾಗಿ ಮೊದಲು ಬಾಯಿಬಿಟ್ಟದ್ದೇ ಒಬ್ಬ ಹ್ಯಾಮ್‌ನ, ಅಂದರೆ ರೇಡಿಯೊ ಹವ್ಯಾಸಿಯ, ಮನೆಯಿಂದ. ಅದಕ್ಕೆ ಎರಡು ತಿಂಗಳು ಮುಂಚೆ, ಅದೇ ವರ್ಷದ ಸೆಪ್ಟೆಂಬರ್ 10ರಂದು, ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರುಮಾಡಿದ್ದರು, 30 ವಾಟ್‌ನ ಪ್ರೇಷಕದಲ್ಲಿ. ಅದು ಎಎಂ. ಪ್ರಸಾರಕ್ಕೆ ಬೇರೆ ದಾರಿ ಆಗಿನ್ನೂ ಬಳಕೆಗೆ ಬಂದಿರಲಿಲ್ಲ.

ಜಾಗ ಧಾರಾಳವಾಗಿದ್ದು ಶಕ್ತಿಗೆ ಬರ ಇರುವ ಕಡೆ ಆರ್ಮ್‌ಸ್ಟ್ರಾಂಗ್ ಅವರ ಈ ವ್ಯಾಪಾರ ಬಹಳ ಲಾಭದ್ದು. ಅದರ ದೊಡ್ಡ ಗಿರಾಕಿ ನಮ್ಮ ಹಾಸನದ ಕೈಯಲ್ಲೇ ಇತ್ತು. 1982ರಲ್ಲಿ ಹಾಸನದಲ್ಲಿ ಇಸ್ರೊ ಕಟ್ಟಿದ ಮುಖ್ಯ ನಿಯಂತ್ರಣ ಕೇಂದ್ರ, ಜನರ ಬಾಯಲ್ಲಿ ಎಂಸಿಎಫ್, ಮರುವರ್ಷ ಹಾರಿದ ಇನ್ಸಾಟ್-1ಬಿಯನ್ನು ನಡೆಸಿತು. ಆ ಉಪಗ್ರಹದಿಂದ ಊರೂರಿಗೆ ಇಳಿದ ಟಿ.ವಿ. ಚಿತ್ರ ಎಫ್‌ಎಂನಲ್ಲೇ ಬರುತ್ತಿತ್ತು. 5 ಮೆಗಾಹರ್ಟ್ಸ್‌ನಷ್ಟು ಚಿತ್ರಕ್ಕೆ 36 ಮೆಗಾಹರ್ಟ್ಸ್‌ನ ಟ್ರಾನ್ಸ್‌ಪಾಂಡರನ್ನೇ ಬಿಟ್ಟುಕೊಟ್ಟದ್ದರಿಂದ, 36,000 ಕಿಲೋಮೀಟರ್ ಮೇಲಿನ ಕಡಿಮೆ ಶಕ್ತಿಯ ಪ್ರೇಷಕಕ್ಕೆ ನೆಲದ ಮೇಲೆ ಬೆಲೆ ಬಂತು.

ಹವ್ಯಾಸಿಗಳಿಗೆ ಅಂಥ ಶ್ರೀಮಂತಿಕೆ ಇಲ್ಲ. ಹಾಡಿನ ಎಫ್‌ಎಂ ನಿಲಯದ ಕಂಪನಾಂಕ ಆಚೆ ಈಚೆ 75 ಕಿಲೋಹರ್ಟ್ಸ್ ತೂಗುತ್ತದೆ, ಒಟ್ಟು 180 ಕಿಲೋಹರ್ಟ್ಸ್ ಅಗಲ ತಿನ್ನುತ್ತದೆ. ಭಾರತದ ಹ್ಯಾಮ್‌ಗಳಿಗೆ ಎರಡು ಮೀಟರ್ ಬ್ಯಾಂಡಿನಲ್ಲಿ ಕೊಟ್ಟಿರುವುದೇ 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಜಾಗ. ಆ ಲೆಕ್ಕದಲ್ಲಿ ಹನ್ನೊಂದು ಜನ ಕೂತರೆ ಬ್ಯಾಂಡು ಭರ್ತಿ. ಅದಕ್ಕೇ ಅವರು ತೂಗಾಟವನ್ನು 5 ಕಿಲೋಹರ್ಟ್ಸ್‌ಗೆ ಕಟ್ಟಿಹಾಕಿ ಸುಮಾರು 16 ಕಿಲೋಹರ್ಟ್ಸ್‌ನಲ್ಲಿ ಸಂಸಾರ ಮಾಡುತ್ತಾರೆ. ಇಷ್ಟು ಕಿರಿದಾದಾಗ ಸದ್ದಡಗಿಸುವ ಗುಣವೂ ಬಹುಪಾಲು ಸೊರಗುತ್ತದೆ. ಮತ್ತೆ ಯಾಕೆ ಎಫ್‌ಎಂ? ನನ್ನ ಮಟ್ಟಿಗೆ ಉತ್ತರ ಇಂಪಿನಲ್ಲಿಲ್ಲ, ಬ್ಯಾಟರಿಯಲ್ಲಿದೆ. ಅಲೆಯ ಎತ್ತರ ಬದಲಾಗದ ಕಾರಣ ಪ್ರೇಷಕದ ಕೊನೆಯ ಆಂಪ್ಲಿಫೈಯರ್ ಅದನ್ನು ನಾಜೂಕಾಗಿ ಕಾಪಾಡಬೇಕಿಲ್ಲ. ಒರಟಾಗಿ, ಅಗ್ಗವಾಗಿ, ಹೆಚ್ಚು ಬಿಸಿಯಾಗದೆ ದುಡಿಯಬಹುದು. ಆನೆ ಹಿಂಡಿನ ಹಿಂದೆ ಕಾಫಿ ತೋಟಗಳಲ್ಲಿ ಅಲೆಯುವ ಅರಣ್ಯ ಸಿಬ್ಬಂದಿಯ ಸೊಂಟದ ವಾಕಿಟಾಕಿ ಅಷ್ಟು ಚಿಕ್ಕದಾಗಿರುವುದು ಈ ಒರಟುತನದಿಂದಲೇ.

ಎಫ್‌ಎಂಗೆ ಇನ್ನೊಂದು ಸ್ವಭಾವವಿದೆ, ಬಲಾಢ್ಯರ ಪಕ್ಷಪಾತ. ಒಂದೇ ಕಂಪನಾಂಕದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಾದ ಅಲೆ ಮಾತ್ರ ಕೇಳುತ್ತದೆ, ಇನ್ನೊಬ್ಬರು ಇದ್ದ ಸುಳಿವೇ ಸಿಗುವುದಿಲ್ಲ. ವಾಕಿಟಾಕಿಗೆ ಇದು ಅನುಕೂಲ. ವಿಮಾನಗಳಿಗೆ ಅಪಾಯ. ಇಬ್ಬರು ಪೈಲಟ್‌ಗಳು ಒಟ್ಟಿಗೆ ಕರೆದರೆ ಎಎಂನಲ್ಲಿ ಕೀರಲು ಸದ್ದಾದರೂ ಬಂದು, ಯಾರದೋ ಕರೆ ಮುಚ್ಚಿಹೋಯಿತು ಎಂದು ನಿಯಂತ್ರಣ ಕೊಠಡಿಗೆ ತಿಳಿಯುತ್ತದೆ. ವಿಮಾನಯಾನ ಇವತ್ತಿಗೂ ಎಎಂ ಬಿಡದಿರುವುದಕ್ಕೆ ಇದೂ ಒಂದು ಕಾರಣ.

ಕ್ಷೀಣ ಅಲೆಗಳ ಜೊತೆ ಎಫ್‌ಎಂ ನಿಷ್ಠುರಿ. ಒಂದು ಮಟ್ಟದವರೆಗೆ ಸ್ಪಷ್ಟ, ಅದರ ಕೆಳಗೆ ಏಕಾಏಕಿ ಬರೀ ಸುಯ್. ಕಂಪನಾಂಕದ ಮೂರೇ ಕಿಲೋಹರ್ಟ್ಸ್‌ನಲ್ಲಿ ಮಾತನ್ನು ತುರುಕುವ ಎಸ್‌ಎಸ್‌ಬಿ ಎಂಬ ಬಗೆ ಅಷ್ಟರಲ್ಲೂ ಗೊರಗೊರ ಎಂದಾದರೂ ಸುದ್ದಿ ಮುಟ್ಟಿಸುತ್ತದೆ. ಇಸ್ರೊ 2005ರ ಮೇ 5ರಂದು ಹವ್ಯಾಸಿಗಳಿಗೆಂದೇ ಹಾರಿಸಿದ 42.5 ಕಿಲೊ ತೂಕದ ಹ್ಯಾಮ್‌ಸ್ಯಾಟ್, ಒಬ್ಬರೇ ಗೆಲ್ಲುವ ಎಫ್‌ಎಂ ಬದಲು ಹಲವರು ಒಟ್ಟಿಗೆ ಅಕ್ಕಪಕ್ಕ ಕೂರಬಲ್ಲ ಬಗೆಯನ್ನು ಆರಿಸಿಕೊಂಡಿತ್ತು.

ಇನ್ನು ಸಾಮಾನ್ಯ ಜನರ ಮಾತುಕತೆಗೆ ಬಿಟ್ಟ ಸಿಟಿಜನ್ ಬ್ಯಾಂಡ್, ಅಂದರೆ ಸಿಬಿ. ನಮ್ಮಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವಾಟ್ ಮೀರದ ಉಪಕರಣಕ್ಕೆ 2005ರಿಂದ ಲೈಸೆನ್ಸ್ ಬೇಕಿಲ್ಲ. ಚಾನೆಲ್‌ಗಳ ನಡುವೆ ಹತ್ತೇ ಕಿಲೋಹರ್ಟ್ಸ್ ಅಂತರ ಇರುವ ಕಡೆ ಎಫ್‌ಎಂ ತೂಗಾಟ 2 ಕಿಲೋಹರ್ಟ್ಸ್ ಆಸುಪಾಸಿಗೆ ಇಳಿಯುತ್ತದೆ. ಆದರೂ 1981ರ ನವೆಂಬರಿನಲ್ಲಿ ಸಿಬಿಯನ್ನು ಕಾನೂನುಬದ್ಧಗೊಳಿಸಿದಾಗ ಬ್ರಿಟನ್ ಎಫ್‌ಎಂಗಷ್ಟೇ ಒಪ್ಪಿಗೆ ಕೊಟ್ಟಿತು. ಅಮೆರಿಕ ಎಎಂಗೆ ಜೋತುಬಿದ್ದು, 2021ರಲ್ಲಷ್ಟೇ ಎಫ್‌ಎಂಗೂ ಬಾಗಿಲು ತೆರೆಯಿತು. ಸೂರ್ಯನ ಕಲೆಗಳು ಹೆಚ್ಚಿದ ವರ್ಷಗಳಲ್ಲಿ 27 ಮೆಗಾಹರ್ಟ್ಸ್ ಅಲೆ ಅಯಾನುಗೋಳಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ಆಚೆ ಬೀಳುತ್ತದೆ. ಆಗ ಎಎಂನಲ್ಲಿ ಎಲ್ಲರ ಸಿಳ್ಳೆಯೂ ಕಲಸುಮೇಲೋಗರ, ಎಫ್‌ಎಂನಲ್ಲಿ ಪಕ್ಕದವರ ಜೋರು ಅಲೆ ದೂರದವರನ್ನೆಲ್ಲ ಮುಚ್ಚಿಹಾಕುತ್ತದೆ. ಪಕ್ಕದವರ ಜೊತೆ ಮಾತಾಡಬೇಕಾದವರಿಗೆ ಅದೇ ಸರಿ. ಹ್ಯಾಮ್‌ಗಳಿಗಾದರೋ ಆ ದೂರವೇ ಬೇಕು. ಹತ್ತಿರದ 29.6 ಮೆಗಾಹರ್ಟ್ಸ್‌ನಲ್ಲಿ ಎಫ್‌ಎಂ ಹಾಕಿ ಖಂಡಾಂತರದ ಕರೆಗೆ ಕಾಯುತ್ತಾರೆ.

ಮಲ್ಲಿಪಟ್ಟಣದ ಶುಂಠಿ ಹೊಲದಿಂದ ಮನೆಗೆ ಮಾತಾಡಲು ಸಿಬಿ ತರಿಸಬೇಕೇ? ನಾನು ಬೇಡವೆನ್ನುತ್ತೇನೆ. ಕಾಲು ಅಲೆಯ ಆಂಟೆನಾವೇ 2.7 ಮೀಟರ್ ಉದ್ದವಾಗುತ್ತದೆ, 145 ಮೆಗಾಹರ್ಟ್ಸ್‌ಗಾದರೆ ಅರ್ಧ ಮೀಟರ್ ಸಾಕು. ಆದರೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ವಾಕಿಟಾಕಿಯನ್ನು 145ಕ್ಕೆ ತಿರುಗಿಸಿ ಮಾತಾಡಲು ಹವ್ಯಾಸಿ ಲೈಸೆನ್ಸ್ ಬೇಕೇ ಬೇಕು. ಅದಕ್ಕೆ ಕೇಂದ್ರ ಸರ್ಕಾರದ ಪರೀಕ್ಷೆಯಿದೆ, ಹನ್ನೆರಡು ತುಂಬಿದವರು ಬರೆಯಬಹುದು. ಪರೀಕ್ಷೆಯ ತಂಟೆ ಬೇಡವೆನ್ನುವವರಿಗೆ 2018ರಲ್ಲಿ ತೆರೆದುಕೊಟ್ಟ 446.0ರಿಂದ 446.2 ಮೆಗಾಹರ್ಟ್ಸ್‌ನ ಸಣ್ಣ ಸೆಟ್‌ಗಳಿವೆ. ಲೈಸೆನ್ಸ್ ಇರಲಿ ಬಿಡಲಿ, ಈ ಅಲೆಗಳು ಗುಡ್ಡ ದಾಟುವುದಿಲ್ಲ. ಸುತ್ತಲ ನೆಲಕ್ಕಿಂತ ನೂರು ಮೀಟರ್ ಎತ್ತರದಲ್ಲಿ ನಿಂತವರಿಗೆ ರೇಡಿಯೊ ದಿಗಂತ ಸುಮಾರು 41 ಕಿಲೋಮೀಟರ್, ತೋಟದ ಮರಗಳ ನಡುವೆ ನಿಂತವರಿಗೆ ಒಂದೆರಡು ಕಿಲೋಮೀಟರ್ ಸಿಕ್ಕರೆ ಪುಣ್ಯ.

ನೆತ್ತಿಯ ಮೇಲಿಂದ ಬರುವ ಅಲೆಗೆ ಮಾತ್ರ ಗುಡ್ಡದ ತಕರಾರಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರೇಡಿಯೊ 145.800 ಮೆಗಾಹರ್ಟ್ಸ್ ಎಫ್‌ಎಂನಲ್ಲಿ ಕೆಳಕ್ಕೆ ಮಾತಾಡುತ್ತದೆ. 2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಂದಲೇ ಹ್ಯಾಮ್ ರೇಡಿಯೊ ಮೂಲಕ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸಿದ್ದರು. ನಿಲ್ದಾಣ ಗಂಟೆಗೆ 27,000 ಕಿಲೋಮೀಟರಿಗೂ ಮೀರಿ ಓಡುವುದರಿಂದ ಅದರ ಕಂಪನಾಂಕ ಬರುವಾಗ ಮೂರು ಮೂರೂವರೆ ಕಿಲೋಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ ಸರಿದಂತೆ ಕೇಳುತ್ತದೆ. ಎಸ್‌ಎಸ್‌ಬಿಯಲ್ಲಾದರೆ ಅಷ್ಟು ಸರಿದ ಮಾತು ಒಂದಕ್ಷರವೂ ಅರ್ಥವಾಗದು. ಎಫ್‌ಎಂನಲ್ಲಿ ಗುಂಡಿ ಮುಟ್ಟದೆ ಕೂತರೂ, ಅಂಚಿನಲ್ಲಿ ದನಿ ಸ್ವಲ್ಪ ಒಡೆದಂತಾದರೂ, ಹತ್ತು ನಿಮಿಷದ ಹಾದುಹೋಗುವಿಕೆಯ ಬಹುಪಾಲು ಮಾತು ಕಿವಿಗೆ ಬೀಳುತ್ತದೆ.