ಕಾಫಿಗೆ ಜಾಗ ಮಾಡುವ ಮೊದಲು

ಪುಸ್ತಕದಂಗಡಿಯ ವ್ಯಾಪಾರ ಇಳಿದಾಗಲೆಲ್ಲ ಹಿತೈಷಿಗಳಿಂದ ಬರುವ ಸಲಹೆ ಒಂದೇ: ‘ಒಂದು ಕೆಫೆ ಮಾಡಿ, ಜನ ತಾವಾಗಿಯೇ ಬರುತ್ತಾರೆ.’ ಈ ಮಾತಿನಲ್ಲಿ ಹುರುಳಿದೆ. ಕಾಫಿಗೆಂದು ಕೂತವರು ಇನ್ನಷ್ಟು ಹೊತ್ತು ಉಳಿಯುತ್ತಾರೆ, ಕೈಗೆ ಸಿಕ್ಕ ಪುಸ್ತಕದ ನಾಲ್ಕು ಪುಟ ತಿರುವುತ್ತಾರೆ. ಬೆಂಗಳೂರಿನಲ್ಲಿ 2019ರಲ್ಲಿ ಶುರುವಾದ ‘ಚಂಪಕ’ದಲ್ಲಿ ಪುಸ್ತಕ ಮತ್ತು ಕೆಫೆ ಒಂದೇ ಸೂರಿನಡಿ ಹೊಂದಿಕೊಂಡು ನಡೆದಿವೆ.

ಆದರೆ ಅಂಗಡಿಯನ್ನು ಉಳಿಸುವುದು ಕಾಫಿಯೇ? ಅಮೆರಿಕದ ಅನುಭವ ಹಾಗೆ ಹೇಳುವುದಿಲ್ಲ. ಅಲ್ಲಿನ ಬಾರ್ಡರ್ಸ್ ಪುಸ್ತಕ ಮಳಿಗೆಗಳಲ್ಲಿ ಕೆಫೆಗಳಿದ್ದವು. 2011ರಲ್ಲಿ ಇಡೀ ಸರಣಿಯೇ ಬಾಗಿಲು ಹಾಕಿತು. ಸ್ಟಾರ್‌ಬಕ್ಸ್ ಕಾಫಿ ಇದ್ದ ಬಾರ್ನ್ಸ್ ಆ್ಯಂಡ್ ನೋಬಲ್ ಕೂಡ ಸೊರಗಿತ್ತು. 2019ರಲ್ಲಿ ಜೇಮ್ಸ್ ಡಾಂಟ್ ಅದರ ಹೊಣೆ ಹೊತ್ತರು. ಯಾವ ಪುಸ್ತಕ ಇಡಬೇಕೆಂಬ ಆಯ್ಕೆಯನ್ನು ಆಯಾ ಮಳಿಗೆಯ ಸಿಬ್ಬಂದಿಗೆ ಬಿಟ್ಟರು. ಪ್ರಕಾಶಕರಿಂದ ಹಣ ಪಡೆದು ಅವರ ಪುಸ್ತಕಗಳನ್ನು ಮುಂದಿಡುವ ಪದ್ಧತಿ ನಿಲ್ಲಿಸಿದರು. ಸರಣಿ ಚೇತರಿಸಿಕೊಂಡು ಹೊಸ ಮಳಿಗೆಗಳನ್ನು ತೆರೆಯತೊಡಗಿತು.

ಅಂಗಡಿಯನ್ನು ಉಳಿಸುವುದು ಪುಸ್ತಕದ ಆಯ್ಕೆ ಎಂಬುದನ್ನು ಅರಿಯಲು ನಾವು ಅಷ್ಟು ದೂರ ಹೋಗಬೇಕಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಬಳಿ ಟಿ.ಎಸ್. ಶಾನಭಾಗರು 2009ರವರೆಗೆ ನಡೆಸಿದ ಪ್ರೀಮಿಯರ್ ಬುಕ್ ಶಾಪ್‌ನಲ್ಲಿ ಕೂರಲೂ ಜಾಗವಿರಲಿಲ್ಲ. ನೆಲದಿಂದ ಮೇಲೆದ್ದ ರಾಶಿಯಲ್ಲಿ ಯಾವ ಪುಸ್ತಕ ಎಲ್ಲಿದೆ, ಯಾವ ಓದುಗರಿಗೆ ಯಾವುದು ಹಿಡಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಜನ ಬರುತ್ತಿದ್ದುದು ಆ ತಿಳಿವಳಿಕೆಗಾಗಿ.

ಲೆಕ್ಕದ ಮಾತೂ ಇದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಪುಸ್ತಕ ಮಾತ್ರ ಮಾರುವವರಿಗೆ ಅದರ ನೋಂದಣಿಯೂ ಬೇಕಿಲ್ಲ. ಕಾಫಿ, ತಿಂಡಿ ಶುರು ಮಾಡಿದರೆ ಪುಸ್ತಕದ ವಹಿವಾಟೂ ಸೇರಿ ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದಾಗ ನೋಂದಣಿ ಕಡ್ಡಾಯ. ಆಹಾರ ಪರವಾನಗಿ, ನೀರು, ಅಡುಗೆಯವರ ಸಂಬಳ ಬೇರೆ. ಇದಕ್ಕಿಂತ ದೊಡ್ಡ ಬೆಲೆ ಜಾಗದ್ದು. ನಾಲ್ಕು ಮೇಜು ಹಾಕಲು ಕಪಾಟು ತೆಗೆಯಬೇಕಾದರೆ ಮೊದಲು ಹೋಗುವುದು ನಿಧಾನಕ್ಕೆ ಖರ್ಚಾಗುವ ಕವಿತೆ, ನಾಟಕ, ವಿಮರ್ಶೆ. ಐನೂರೋ ಸಾವಿರವೋ ಪ್ರತಿ ಅಚ್ಚಾಗುವ ಕನ್ನಡ ಪುಸ್ತಕಕ್ಕೆ ಓದುಗರ ಕಣ್ಣಿಗೆ ಬೀಳಲು ಆ ಕಪಾಟೇ ಆಸರೆ.

ಆದ್ದರಿಂದ ಜಾಗ, ಬಂಡವಾಳ ಎರಡೂ ಇದ್ದವರು ಕೆಫೆ ಮಾಡಲಿ. ಅದರ ಲೆಕ್ಕ ಬೇರೆ ಇಡಲಿ, ಕಪಾಟನ್ನು ಮುಟ್ಟದಿರಲಿ. ಸಣ್ಣ ಅಂಗಡಿಗೆ ಆ ಭಾರ ಬೇಡ. ಬೆಂಗಳೂರಿನ ಗಾಂಧಿ ಬಜಾರಿನ ‘ಅಂಕಿತ ಪುಸ್ತಕ’ ಮಳಿಗೆಯಿಂದ ನಾಲ್ಕು ಹೆಜ್ಜೆ ನಡೆದರೆ 1943ರಿಂದ ಇರುವ ವಿದ್ಯಾರ್ಥಿ ಭವನ ಹೋಟೆಲ್ ಸಿಗುತ್ತದೆ. ನಮ್ಮ ಊರುಗಳಲ್ಲಿ ಒಳ್ಳೆಯ ಕಾಫಿಗೆ ಬರವಿಲ್ಲ. ಬರವಿರುವುದು, ‘ಇದನ್ನು ಓದಿದ್ದೀರಾ?’ ಎಂದು ಕೇಳಿ ಸರಿಯಾದ ಪುಸ್ತಕವನ್ನು ಕೈಗಿಡುವವರಿಗೆ. ಕೆಫೆಗೆ ಹಾಕುವ ದುಡ್ಡಿನಲ್ಲಿ ಅಂಥ ಒಬ್ಬರಿಗೆ ಒಳ್ಳೆಯ ಸಂಬಳ ಕೊಡಿ, ಎರಡು ಕುರ್ಚಿ ಹಾಕಿ, ತಿಂಗಳಿಗೊಮ್ಮೆ ಲೇಖಕರನ್ನು ಕರೆಸಿ. ಹಾಗೆ ಬಂದ ಓದುಗರು ಮತ್ತೆ ಬರುತ್ತಾರೆ, ಪುಸ್ತಕಕ್ಕಾಗಿಯೇ ಬರುತ್ತಾರೆ.