ಲೋಹಶೋಧಕ: ಕೊಳ್ಳುವ ಮುನ್ನ, ಅಗೆಯುವ ಮುನ್ನ



ಚೆಂಬೂರಿನ ಕೇಳುಗರೊಬ್ಬರು ಹೋದ ಬೇಸಿಗೆಯಲ್ಲಿ ಒಂದು ಪ್ರಶ್ನೆ ಕೇಳಿದ್ದರು. ರಜೆಗೆಂದು ಉಡುಪಿ ಕಡೆಯ ಊರಮನೆಗೆ ಹೋದಾಗ ಅವರ ಅಮ್ಮನ ಒಂದು ಕಿವಿಯ ಬೆಂಡೋಲೆ ಅಂಗಳದಲ್ಲೆಲ್ಲೋ ಬಿದ್ದುಹೋಯಿತು. ಮದುವೆಗೆ ತವರಿನವರು ಕೊಟ್ಟದ್ದು. ಅಂಗಳ ಗುಡಿಸಿದರೂ ಸಿಗಲಿಲ್ಲ. ಅಷ್ಟರಲ್ಲಿ ಪರಿಚಯದವರೊಬ್ಬರು, "ನಿಧಿ ಯಂತ್ರದವನೊಬ್ಬ ಇದ್ದಾನೆ, ಮುಂಗಡ ಕೊಟ್ಟರೆ ಬರುತ್ತಾನೆ, ಹಿರಿಯರು ಹೂತಿಟ್ಟದ್ದಿದ್ದರೆ ಅದನ್ನೂ ತೋರಿಸುತ್ತಾನೆ" ಎಂದರಂತೆ. ಅವನನ್ನು ಕರೆಸುವುದೋ, ತಾವೇ ಒಂದು ಯಂತ್ರ ತರುವುದೋ ಎಂಬುದು ಪ್ರಶ್ನೆ.

ಇದೇ ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ಇರಬಹುದು. ಜುಹೂ ಮರಳಿನಲ್ಲಿ ಉಂಗುರ ಕಳೆದವರಿದ್ದೀರಿ, ಊರಿನ ಹಳೆ ಮನೆ ಕೆಡವಲು ಹೊರಟವರಿದ್ದೀರಿ. ಆದ್ದರಿಂದ ವಿವರವಾಗಿ ನೋಡೋಣ.

ಯಂತ್ರ ಕೂಗುವುದೇಕೆ?

ಲೋಹಶೋಧಕದ ತುದಿಯಲ್ಲಿ ತಟ್ಟೆಯಂತಹ ಭಾಗವಿದೆ. ಅದರೊಳಗೆ ತಾಮ್ರದ ತಂತಿಯ ಸುರುಳಿ. ಸುರುಳಿಯಲ್ಲಿ ದಿಕ್ಕು ಬದಲಿಸುತ್ತಿರುವ ವಿದ್ಯುತ್ ಹರಿದಾಗ ಸುತ್ತಲೂ ಕಾಂತಕ್ಷೇತ್ರ ಹುಟ್ಟುತ್ತದೆ. ಆ ಕ್ಷೇತ್ರದೊಳಗೆ ಲೋಹ ಬಂದರೆ ಲೋಹದಲ್ಲೂ ಸುಳಿಯಂತೆ ವಿದ್ಯುತ್ ಹರಿದು, ಅದರದೇ ಒಂದು ಸಣ್ಣ ಕಾಂತಕ್ಷೇತ್ರ ಏಳುತ್ತದೆ. ಅದನ್ನು ಗ್ರಹಿಸಿ ಯಂತ್ರ ಕೂಗುತ್ತದೆ. "ಇಲ್ಲಿ ಲೋಹವಿದೆ" ಎಂದಷ್ಟೇ ಅದು ಖಚಿತವಾಗಿ ಹೇಳಬಲ್ಲದು. ಅದು ಚಿನ್ನವೋ, ಮಾತ್ರೆಯ ಪಟ್ಟಿಯೋ ಎಂಬುದು ಊಹೆ.

ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಇಂತಹ ಯಂತ್ರವನ್ನು ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೈಯಲ್ಲಿ ಹೊಕ್ಕಿದ್ದ ಗುಂಡನ್ನು ಹುಡುಕಲು ಬಳಸಿದರು. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಅಡ್ಡಬಂದವು. ಸಾಲದ್ದಕ್ಕೆ ವೈದ್ಯರು ಬಲಗಡೆ ಹುಡುಕಿಸಿದರು, ಗುಂಡು ಇದ್ದದ್ದು ಎಡಗಡೆ. ಹುಡುಕುವ ಜಾಗ ತಪ್ಪಿದರೆ ಯಂತ್ರ ಏನೂ ಮಾಡಲಾರದು.

ಯಾವುದನ್ನು ಆರಿಸಬೇಕು?

ಮೊದಲು, ಯಾವುದನ್ನು ಆರಿಸಬಾರದು ಎಂದು ತಿಳಿಯಿರಿ. ಹಿಡಿಯ ಮೇಲೆ ಆಂಟೆನಾದಂತಹ ಕಡ್ಡಿ ತಿರುಗಿ "ಅಲ್ಲಿದೆ ಚಿನ್ನ" ಎಂದು ದೂರದಿಂದಲೇ ತೋರಿಸುವ ಸಾಧನ ಲೋಹಶೋಧಕವೇ ಅಲ್ಲ. ಗಾಲ್ಫ್ ಚೆಂಡು ಹುಡುಕುವ ಆಟಿಕೆಯನ್ನು ಆಧರಿಸಿ ಮಾಡಿದ ಇಂತಹದೇ ಸಾಧನವನ್ನು ಬಾಂಬ್ ಶೋಧಕವೆಂದು ಇರಾಕಿಗೆ ಮಾರಿದ ಜೇಮ್ಸ್ ಮೆಕಾರ್ಮಿಕ್ ಎಂಬಾತನಿಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ 10 ವರ್ಷ ಶಿಕ್ಷೆ ವಿಧಿಸಿತು. ಮುಂಗಡ ಕೇಳುವ ನಿಧಿಯವನ ಕೈಯಲ್ಲೂ ಇಂತಹ ಕಡ್ಡಿ ಇರಬಹುದು.

ನಿಜವಾದ ಯಂತ್ರಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮಾಲ್ ಬಾಗಿಲಿನಲ್ಲಿ ಕಾವಲಿನವರು ಹಿಡಿದಿರುವ ಕೈಕೋಲು ಒಂದು. ಅದರ ಹಿಡಿತ ಕೆಲವೇ ಸೆಂಟಿಮೀಟರ್. ಅಗೆದ ಮಣ್ಣಿನ ರಾಶಿಯನ್ನು ನೋಡಲು ಸಾಕು. ಎರಡನೆಯದು ಕಡಿಮೆ ಆವರ್ತನದ ಸಾಮಾನ್ಯ ಯಂತ್ರ, ಅಂದರೆ ವಿಎಲ್‌ಎಫ್. ಒಳ್ಳೆಯ ಮಣ್ಣಿನಲ್ಲಿ ನಾಣ್ಯದಂತಹ ವಸ್ತುವನ್ನು ಸುಮಾರು 15-20 ಸೆಂ.ಮೀ. ಆಳದವರೆಗೆ ಹಿಡಿಯುತ್ತದೆ. ಬೆಂಡೋಲೆಯಂತಹ ಸಣ್ಣ ಚಿನ್ನಕ್ಕೆ 15 ಕಿಲೋಹರ್ಟ್ಸ್‌ಗಿಂತ ಹೆಚ್ಚಿನ ಆವರ್ತನದ್ದು ಮೇಲು. ಮೂರನೆಯದು ಪಲ್ಸ್ ಇಂಡಕ್ಷನ್. ಉಪ್ಪುನೀರು ತುಂಬಿದ ಮರಳಿನಲ್ಲಿ ಸಾಮಾನ್ಯ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆ. ಅಲ್ಲಿ ಇದು, ಇಲ್ಲವೇ ಏಕಕಾಲದಲ್ಲಿ ಹಲವು ಆವರ್ತನ ಬಳಸುವ ಯಂತ್ರ ಬೇಕು. ಆದರೆ ಪಲ್ಸ್ ಯಂತ್ರಕ್ಕೆ ಮೊಳೆ ಮತ್ತು ಉಂಗುರದ ವ್ಯತ್ಯಾಸ ಅಷ್ಟಾಗಿ ತಿಳಿಯದು.

ಕರಾವಳಿಯವರು ಗಮನಿಸಬೇಕಾದ ಮಾತೊಂದಿದೆ. ನಮ್ಮ ಮುರಕಲ್ಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಮಣ್ಣೇ ಯಂತ್ರವನ್ನು ಕೂಗಿಸಬಹುದು. ಆದ್ದರಿಂದ ಮಣ್ಣಿಗೆ ತಕ್ಕಂತೆ ಹೊಂದಿಸುವ ಸೌಲಭ್ಯ, ಅಂದರೆ ಗ್ರೌಂಡ್ ಬ್ಯಾಲೆನ್ಸ್, ಇದೆಯೇ ಎಂದು ಕೇಳಿಯೇ ಕೊಳ್ಳಿ. ಒಂದೇ ಸಲದ ಕೆಲಸವಾದರೆ ಯಾರಿಂದಾದರೂ ಎರವಲು ತರುವುದೇ ಜಾಣತನ.

ಬಳಸುವುದು ಹೇಗೆ?

ಯಂತ್ರದಲ್ಲಿ ಕಸದ ಲೋಹವನ್ನು ಬಿಟ್ಟುಬಿಡುವ ಗುಂಡಿ ಇರುತ್ತದೆ. ಹೊಸಬರು ಮೊದಲು ಅದನ್ನೇ ಒತ್ತುತ್ತಾರೆ. ಆದರೆ ಸಣ್ಣ ಚಿನ್ನದ ಒಡವೆಯೂ ಅಲ್ಯೂಮಿನಿಯಂ ಹಾಳೆಯ ಚೂರೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ಕಸ ಬೇಡವೆಂದರೆ ಚಿನ್ನವನ್ನೂ ಬೇಡವೆಂದಂತೆ. ಹತ್ತು ಸಲ ಕಸ ಅಗೆಯುವ ತಾಳ್ಮೆ ಇದ್ದವರಿಗೇ ಒಡವೆ ಸಿಗುವುದು.

ಅಂಗಳಕ್ಕೆ ಹಗ್ಗ ಕಟ್ಟಿ ಪಟ್ಟಿಗಳಾಗಿ ಭಾಗ ಮಾಡಿ. ಕಳೆಯದೆ ಉಳಿದಿರುವ ಇನ್ನೊಂದು ಬೆಂಡೋಲೆಯನ್ನು ನೆಲದ ಮೇಲಿಟ್ಟು ಯಂತ್ರ ಹೇಗೆ ಕೂಗುತ್ತದೆ ಎಂದು ಮೊದಲು ಕೇಳಿಸಿಕೊಳ್ಳಿ. ಆಮೇಲೆ ತಟ್ಟೆಯನ್ನು ನೆಲಕ್ಕೆ ಎರಡು ಬೆರಳಿನಷ್ಟು ಮೇಲೆ ಹಿಡಿದು, ನಿಧಾನವಾಗಿ, ಒಂದು ಬೀಸು ಇನ್ನೊಂದರ ಮೇಲೆ ಬರುವಂತೆ ಆಡಿಸಿ. ಕೂಗಿದಲ್ಲಿ ಅಡ್ಡಲಾಗಿ ಇನ್ನೊಮ್ಮೆ ಆಡಿಸಿ. ಎರಡು ಗೆರೆ ಕೂಡುವ ಜಾಗವೇ ಗುರಿ.

ಅಗೆಯಲು ಪಿಕ್ಕಾಸು, ಹಾರೆ ತರಬೇಡಿ. ಒಂದೇ ಏಟಿಗೆ ಬೆಂಡೋಲೆ ಎರಡಾದೀತು. ಗಾರೆ ಕೆಲಸದ ಕರಣೆ, ಪುಟ್ಟ ಕೈಗುದ್ದಲಿ, ಒಂದು ಜರಡಿ, ಪ್ಲಾಸ್ಟಿಕ್ ಹಾಳೆ ಇಷ್ಟು ಸಾಕು. ಗುರಿಯ ಪಕ್ಕದಿಂದ ಅಗೆದು ಒಳಗೆ ಬನ್ನಿ, ಮಣ್ಣನ್ನು ಹಾಳೆಯ ಮೇಲೆ ಸುರಿದು ಜರಡಿ ಹಿಡಿಯಿರಿ, ಕೊನೆಗೆ ಗುಂಡಿ ಮುಚ್ಚಿ. ಕಬ್ಬಿಣದ ಉಪಕರಣಗಳನ್ನು ಯಂತ್ರದಿಂದ ದೂರವಿಡಿ. ನೀರಿನ ಪೈಪು, ವಿದ್ಯುತ್ ಕೇಬಲ್ ಎಲ್ಲಿ ಹಾದಿದೆ ಎಂದು ಮನೆಯವರನ್ನು ಮೊದಲೇ ಕೇಳಿ.

ಎಲ್ಲಿ ನಿಲ್ಲಿಸಬೇಕು?

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟೈಕಿನ್ ಹಡಗು ಸ್ಫೋಟಿಸಿತು. ಅದರಲ್ಲಿ ಹತ್ತಿ, ಮದ್ದುಗುಂಡು ಮತ್ತು ಚಿನ್ನದ ಗಟ್ಟಿಗಳಿದ್ದವು. 1970ರ ದಶಕದಲ್ಲೂ ಹೂಳೆತ್ತುವಾಗ ಚಿನ್ನದ ಗಟ್ಟಿ ಸಿಕ್ಕಿತ್ತು. 2011ರಲ್ಲಿ ಅದೇ ಬಂದರಿನಲ್ಲಿ ಸಿಡಿಯದ ಗುಂಡೂ ಸಿಕ್ಕಿತು. ಗುಂಡಿನಂತಹ ತುಕ್ಕು ಹಿಡಿದ ವಸ್ತು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಹಳೆಯ ನಾಣ್ಯ, ಒಡವೆ ಸಿಕ್ಕರೂ ಕೈ ನಿಲ್ಲಬೇಕು. 1878ರ ನಿಧಿ ಕಾಯಿದೆಯಂತೆ ಮಣ್ಣಿನಲ್ಲಿ ಅಡಗಿದ್ದ 10 ರೂಪಾಯಿಗೆ ಮೀರಿದ ಯಾವುದೇ ವಸ್ತುವಿನ ಬಗ್ಗೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಮುಚ್ಚಿಟ್ಟರೆ ಪಾಲೂ ಹೋಗುತ್ತದೆ, ಒಂದು ವರ್ಷದವರೆಗೆ ಜೈಲೂ ಆಗಬಹುದು. ಕರ್ನಾಟಕಕ್ಕೆ 1962ರದ್ದೇ ಪ್ರತ್ಯೇಕ ಕಾಯಿದೆಯಿದೆ. ಸಂರಕ್ಷಿತ ಸ್ಮಾರಕಗಳ ಬಳಿಗಂತೂ ಯಂತ್ರ, ಗುದ್ದಲಿ ಒಯ್ಯಲೇಬೇಡಿ.

ಇದು ಬರೀ ಕಾನೂನಿನ ಮಾತಲ್ಲ. 2019ರ ಜುಲೈಯಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ನಿಧಿಯಾಸೆಯ ಕಳ್ಳರು ವ್ಯಾಸರಾಜರ ವೃಂದಾವನವನ್ನೇ ಕಿತ್ತುಹಾಕಿದರು. ಭಕ್ತರು ಕೂಡಿ ಮತ್ತೆ ಕಟ್ಟಿದರು, ಕಳ್ಳತನದ ಆರೋಪಿಗಳ ಬಂಧನವೂ ಆಯಿತು. ಆದರೆ ಆ ಸುದ್ದಿ ಕೇಳಿ ಮುಂಬಯಿಯ ಎಷ್ಟೋ ಮನೆಗಳಲ್ಲಿ ಅಂದು ಊಟ ಸೇರಲಿಲ್ಲ. ಅದೇ ಸೀಮೆಯ ಮಸ್ಕಿಗೆ 1915ರಲ್ಲಿ ಚಿನ್ನದ ಜಾಡು ಹುಡುಕುತ್ತ ಬಂದ ಗಣಿ ಎಂಜಿನಿಯರ್ ಬೀಡನ್ನರ ಕಣ್ಣಿಗೆ ಒಂದು ಶಾಸನ ಬಿತ್ತು. ಅದರಲ್ಲಿ 'ಅಶೋಕ' ಎಂಬ ಹೆಸರಿತ್ತು. 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದಕ್ಕೆ ಅದರಿಂದ ಆಧಾರ ಸಿಕ್ಕಿತು. ಬಂಡೆ ಇದ್ದಲ್ಲೇ ಉಳಿದದ್ದರಿಂದ ಇಂದಿಗೂ ಹೋಗಿ ನೋಡಬಹುದು.

ಇನ್ನು ಬೆಂಡೋಲೆಯ ಸಂಗತಿ. ಮುಂಗಡ ಕೊಡಬೇಡಿ, ಮೊದಲು ಅಮ್ಮನನ್ನೇ ಕೂರಿಸಿ ಆ ದಿನ ಎಲ್ಲೆಲ್ಲಿ ಓಡಾಡಿದರೆಂದು ಕೇಳಿ ಎಂದಿದ್ದೆವು. ತುಳಸಿಕಟ್ಟೆ, ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು ಎಂದು ಅವರು ಮೂರು ಜಾಗ ಹೇಳಿದರಂತೆ. ಎರವಲು ತಂದ ಯಂತ್ರ ಹಿಡಿದು ಮಗ ಎರಡು ದಿನ ಮೊಳೆ, ಬಾಟ್ಲಿ ಮುಚ್ಚಳ, ಮಾತ್ರೆಯ ಪಟ್ಟಿಗಳನ್ನೇ ಹೆಕ್ಕಿದರು. ಮೂರನೆಯ ಬೆಳಿಗ್ಗೆ ಒಗೆಯುವ ಕಲ್ಲಿನ ಬುಡದಲ್ಲಿ, ಎರಡು ಬೆರಳು ಆಳದ ಕೆಸರಿನಲ್ಲಿ ಬೆಂಡೋಲೆ ಇತ್ತು. ಈಗ ಅಮ್ಮ ಅದನ್ನು ಕಿವಿಗೆ ಹಾಕಿಕೊಂಡೇ ನಮ್ಮ ಕಾರ್ಯಕ್ರಮ ಕೇಳುತ್ತಾರಂತೆ.