ಬಡಾವಣೆಯ ಸಾಮೂಹಿಕ ಜಾಗ: ಒಡೆತನ ಯಾರದು, ಹೊಣೆ ಯಾರದು?

ತಿಪ್ಪಸಂದ್ರ ಎಂದೊಡನೆ ಬೆಂಗಳೂರಿಗರ ನೆನಪಿಗೆ ಬರುವುದು ಎಚ್‌ಎಎಲ್ ಸಮೀಪದ ಜನನಿಬಿಡ ಬಡಾವಣೆ. ಮಾಗಡಿ ತಾಲ್ಲೂಕಿನಲ್ಲಿ ಇದೇ ಹೆಸರಿನ ಹೋಬಳಿಯೊಂದು ಇರುವುದು ಹಲವರಿಗೆ ತಿಳಿಯದು. ಊರ ಹೆಸರುಗಳ ಕೊನೆಗೆ ಬರುವ 'ಸಂದ್ರ' ಎಂಬುದು 'ಸಮುದ್ರ'ದ ಆಡುರೂಪ. ದೊಡ್ಡ ಕೆರೆಯನ್ನು ಸೂಚಿಸುವ ಪದ. ಕೆರೆ, ಗುಂಡುತೋಪು, ಗೋಮಾಳಗಳು ಹಳೆಯ ಮೈಸೂರು ಸೀಮೆಯ ಹಳ್ಳಿಗಳ ಸಾಮೂಹಿಕ ಸ್ವತ್ತು. ಕೆರೆಯ ಹೂಳೆತ್ತಲು ಮನೆಗೊಂದು ಆಳು ಬರಬೇಕಿತ್ತು, ನೀರು ಹಂಚಲು ನೀರುಗಂಟಿಯಿದ್ದ, ಹುಣಸೆಯ ಫಸಲು ಹರಾಜಾಗುತ್ತಿತ್ತು. ಯಾರ ಹೊಣೆ ಏನೆಂಬುದು ಊರಿಗೆಲ್ಲ ಗೊತ್ತಿತ್ತು.

ಸರ್ಕಾರವು 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಅದಕ್ಕೂ ಬಹಳ ಮೊದಲೇ ರಾಜಧಾನಿಯ ನೆರಳು ಈ ಸೀಮೆಯ ಮೇಲೆ ಬಿದ್ದಿತ್ತು. ಮಾಗಡಿ ರಸ್ತೆಯ ಇಕ್ಕೆಲಗಳಲ್ಲಿ ಹೊಲಗಳು ನಿವೇಶನಗಳಾಗುತ್ತಿವೆ. ಉದ್ಯಾನ, ಆಟದ ಅಂಗಳ, ಒಳರಸ್ತೆಗಳು ಹೊಸ ಕಾಲದ ಗುಂಡುತೋಪುಗಳಾಗಿವೆ. ಆದರೆ ಅವುಗಳ ಹೊಣೆ ಯಾರದೆಂಬುದು ಮಾತ್ರ ಅನೇಕ ನಿವಾಸಿಗಳಿಗೆ ಸ್ಪಷ್ಟವಿಲ್ಲ.

ಜಾಗ ಯಾರ ಹೆಸರಿನಲ್ಲಿದೆ?

ಎಲ್ಲಕ್ಕೂ ಮೂಲವಾದ ಪ್ರಶ್ನೆ ಇದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ವಿನ್ಯಾಸಕ್ಕೆ ಅನುಮೋದನೆ ಪಡೆದ ಬಡಾವಣೆಯಲ್ಲಿ ರಸ್ತೆ, ಉದ್ಯಾನ ಹಾಗೂ ತೆರೆದ ಜಾಗಗಳನ್ನು ಮಾಲೀಕರು ಪ್ರಾಧಿಕಾರ ಅಥವಾ ಸ್ಥಳೀಯ ಸಂಸ್ಥೆಗೆ ಉಚಿತವಾಗಿ ಬಿಟ್ಟುಕೊಡಬೇಕು. ಇದಕ್ಕೆ ನೋಂದಾಯಿತ ಪರಿತ್ಯಾಜನಾ ಪತ್ರವಿರುತ್ತದೆ. ಅದು ಆದ ಮೇಲೆ ಉದ್ಯಾನವು ಸಾರ್ವಜನಿಕರ ಸ್ವತ್ತು. ನಿವಾಸಿಗಳ ಸಂಘ ಅದನ್ನು ನಿರ್ವಹಿಸಬಹುದೇ ಹೊರತು ಒಡೆಯನಾಗಲಾರದು. ಗೇಟು ಹಾಕಿ ಹೊರಗಿನವರನ್ನು ತಡೆಯುವ ಹಕ್ಕೂ ಅದಕ್ಕಿಲ್ಲ.

ಅಪಾರ್ಟ್‌ಮೆಂಟ್‌ಗಳ ಸ್ಥಿತಿ ಬೇರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಸಾಮೂಹಿಕ ಜಾಗದಲ್ಲಿ ಪ್ರತಿ ಮನೆಗೂ ವಿಭಜಿಸಲಾಗದ ಪಾಲಿದೆ. 2016ರ ಕೇಂದ್ರ ರೇರಾ ಕಾಯ್ದೆಯು ನಿರ್ಮಾಣಗಾರರು ಸಾಮೂಹಿಕ ಜಾಗವನ್ನು ನಿವಾಸಿಗಳ ಸಂಘಕ್ಕೆ ಅಥವಾ ಸಕ್ಷಮ ಪ್ರಾಧಿಕಾರಕ್ಕೆ ವಹಿಸಿಕೊಡಬೇಕೆಂದು ವಿಧಿಸಿದೆ. ಹಸ್ತಾಂತರವಾಗುವವರೆಗೆ ನಿರ್ವಹಣೆಯ ಹೊಣೆ ನಿರ್ಮಾಣಗಾರರದೇ.

ವಂತಿಗೆಯ ತಕರಾರು

'ನಾವು ಪಾರ್ಕಿಗೆ ಕಾಲಿಡುವುದೇ ಇಲ್ಲ, ದುಡ್ಡೇಕೆ ಕೊಡಬೇಕು' ಎಂಬ ಮಾತು ಸಂಘಗಳ ಸಭೆಗಳಲ್ಲಿ ಸಾಮಾನ್ಯ. 1972ರ ಕಾಯ್ದೆಗೆ ಒಳಪಟ್ಟ ಅಪಾರ್ಟ್‌ಮೆಂಟ್‌ಗಳಲ್ಲಿ ಈ ವಾದ ನಿಲ್ಲದು. ಸೌಲಭ್ಯವನ್ನು ಬಳಸುವುದಿಲ್ಲವೆಂದು ಹೇಳಿ ಯಾರೂ ವೆಚ್ಚದ ಪಾಲಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಬಾಕಿಯು ಆ ಮನೆಯ ಮೇಲಿನ ಋಣಭಾರವೇ ಆಗುತ್ತದೆ. ನಿವೇಶನಗಳ ಬಡಾವಣೆಗೆ ಇಂಥ ಬಲವಿಲ್ಲ. ಅಲ್ಲಿ ಸಂಘಗಳು ಬಹುತೇಕ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರುತ್ತವೆ. ವಂತಿಗೆಯ ಹೊಣೆ ಹುಟ್ಟುವುದು ಉಪವಿಧಿ ಮತ್ತು ಕ್ರಯಪತ್ರದ ಷರತ್ತುಗಳಿಂದ. ಆದ್ದರಿಂದ ಉಪವಿಧಿಯನ್ನು ಎಚ್ಚರದಿಂದ ರೂಪಿಸುವುದು ಮತ್ತು ಲೆಕ್ಕಪತ್ರವನ್ನು ಎಲ್ಲರ ಮುಂದಿಡುವುದು ಅಗತ್ಯ. ಸದಸ್ಯರೊಬ್ಬರ ಮಾಸಿಕ ವಂತಿಗೆ 7,500 ರೂಪಾಯಿ ಮೀರದಿದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲವೆಂಬುದೂ ಗಮನದಲ್ಲಿರಲಿ.

ಹುಲ್ಲುಹಾಸಿನ ನೀರಿನ ಲೆಕ್ಕ

ವಂತಿಗೆ ಏರಲು ಒಂದು ದೊಡ್ಡ ಕಾರಣ ನೀರು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಸುರಿದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ ಐದು ಮಿ.ಮೀ. ಬೇಕೆಂದು ಹಿಡಿದರೂ 500 ಚದರ ಮೀಟರ್ ಹಾಸು 2,500 ಲೀಟರ್ ಕುಡಿಯುತ್ತದೆ. ಎರಡು ದಿನಕ್ಕೆ 5,000 ಲೀಟರಿನ ಒಂದು ಟ್ಯಾಂಕರ್ ಖಾಲಿ! 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ನಿಗದಿ ಮಾಡಿದ್ದನ್ನು ಓದುಗರು ಮರೆತಿರಲಾರರು.

ಇದಕ್ಕೆ ಉತ್ತರ ಗುಂಡುತೋಪಿನಲ್ಲೇ ಇದೆ. ಹೊಂಗೆ, ಬೇವು, ನೇರಳೆ, ಹುಣಸೆಗಳು ಬೇರೂರಿದ ಮೇಲೆ ದಿನನಿತ್ಯದ ನೀರು ಬೇಡುವುದಿಲ್ಲ, ನೆರಳನ್ನೂ ಕೊಡುತ್ತವೆ. ಹುಲ್ಲನ್ನು ಮಕ್ಕಳು ಆಡುವಷ್ಟು ಜಾಗಕ್ಕೆ ಸೀಮಿತಗೊಳಿಸಿ, ಉಳಿದೆಡೆ ಮರ ನೆಟ್ಟು, ಉದುರಿದ ಎಲೆಯನ್ನು ಸುಡದೆ ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ, ಗೊಬ್ಬರವೂ ಆಗುತ್ತದೆ. ದೊಡ್ಡ ಸಮುಚ್ಚಯಗಳಲ್ಲಿ ಶುದ್ಧೀಕರಿಸಿದ ತ್ಯಾಜ್ಯನೀರನ್ನೇ ಉದ್ಯಾನಕ್ಕೆ ಹರಿಸಬಹುದು.

ಉದ್ಯಾನವೇ ಮಾಯವಾದರೆ?

ನಿರ್ವಹಣೆಯಿಲ್ಲದ ಜಾಗಕ್ಕೆ ಕಳೆಗಿಂತ ದೊಡ್ಡ ಅಪಾಯವೆಂದರೆ ಒತ್ತುವರಿ. ಪಾಳುಬಿದ್ದ ಉದ್ಯಾನದ ಮೇಲೆ ಬಹಳ ಕಣ್ಣುಗಳಿರುತ್ತವೆ. ಈ ವಿಷಯದಲ್ಲಿ ದೇಶಕ್ಕೇ ಮಾದರಿಯಾದ ತೀರ್ಪು ಹುಟ್ಟಿದ್ದು ಬೆಂಗಳೂರಿನಿಂದ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗಾಗಿ ಟ್ರಸ್ಟೊಂದಕ್ಕೆ ಹಂಚಿಕೆ ಮಾಡಲಾಗಿತ್ತು. ಬಿ.ಎಸ್. ಮುದ್ದಪ್ಪ ಮತ್ತಿತರ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆ ಅಸಿಂಧುವೆಂದ ಹೈಕೋರ್ಟ್ ನಿರ್ಣಯವನ್ನೇ ಎತ್ತಿಹಿಡಿಯಿತು. ಉದ್ಯಾನದ ನಷ್ಟ ನೇರವಾಗಿ ತಟ್ಟುವುದು ನಿವಾಸಿಗಳಿಗೆ, ಆದ್ದರಿಂದ ಪ್ರಶ್ನಿಸುವ ಹಕ್ಕು ಅವರಿಗುಂಟು ಎಂಬುದೂ ಅಲ್ಲಿ ಸ್ಥಾಪಿತವಾಯಿತು. ಹಳ್ಳಿಗಳ ಸಾಮೂಹಿಕ ಭೂಮಿಯ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಅದೇ ನ್ಯಾಯಾಲಯ 2011ರಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿತು. ನಗರದ ಉದ್ಯಾನಕ್ಕೂ ಹಳ್ಳಿಯ ತೋಪಿಗೂ ಕಾನೂನಿನ ರಕ್ಷಣೆಯಿದೆ ಎಂದಾಯಿತು.

ಆದರೆ ಆ ರಕ್ಷಣೆ ಫಲಿಸುವುದು ದಾಖಲೆಯಿದ್ದಾಗ ಮಾತ್ರ. ಅನುಮೋದಿತ ವಿನ್ಯಾಸ ನಕ್ಷೆ ಮತ್ತು ಪರಿತ್ಯಾಜನಾ ಪತ್ರದ ಪ್ರತಿಗಳು ಪ್ರತಿ ಸಂಘದ ಕಡತದಲ್ಲಿರಬೇಕು. ಇಲ್ಲದಿದ್ದರೆ ಯೋಜನಾ ಪ್ರಾಧಿಕಾರ ಅಥವಾ ಸ್ಥಳೀಯ ಸಂಸ್ಥೆಯಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಕೇಳಬಹುದು. ಬಳಿಕ ಗಡಿ ಅಳೆಸಿ, ಕಲ್ಲು ನೆಡಿಸಿ, ಫಲಕ ಹಾಕಿಸುವುದು ಎರಡನೆಯ ಹೆಜ್ಜೆ. ಗಿಡ ನೆಡುವುದು ಮೂರನೆಯದು. ಅನುಮೋದನೆಯೇ ಇಲ್ಲದ ಕಂದಾಯ ನಿವೇಶನಗಳಲ್ಲಿ ಮಾರಾಟದ ನಕ್ಷೆಯ ಹಸಿರು ಬಣ್ಣವನ್ನು ನಂಬಿ ಹಣ ತೆತ್ತವರಿಗೆ ಈ ಮೊದಲ ಹೆಜ್ಜೆಯೇ ಸಿಗುವುದಿಲ್ಲ. ನಿವೇಶನ ಕೊಳ್ಳುವ ಮುನ್ನವೇ ಈ ಕಾಗದಗಳನ್ನು ಕೇಳುವುದು ಲೇಸು.